ರೋಸೇರ್ ಕೊಳ್ಳಹೊರಟ ಹಿಮಗಾಡಿ

ಜನವರಿ ಹಿಡಿಯಿತೆಂದರೆ ಸರೋವರದ ಉತ್ತರ ದಂಡೆಯ ಹಳ್ಳಿಗಳಲ್ಲಿ ಮಾತು ಒಂದೇ: ಈ ಸಲ ಯಾರು ಯಾವ ಹಿಮಗಾಡಿ ಕೊಂಡರು? ಕಾರು ಹಳೆಯದಾದರೆ ಯಾರೂ ಕೇಳುವುದಿಲ್ಲ. ಮನೆಯ ಮಾಡು ಸೋರಿದರೂ ಕೇಳುವುದಿಲ್ಲ. ಆದರೆ ಹಿಮದ ಮೇಲೆ ಓಡುವ ಈ ಗಾಡಿ, ಅಂದರೆ ಸ್ನೋಮೊಬೈಲ್, ಹಳೆಯದಾಗಿ ಗುಂಪಿನಲ್ಲಿ ಹಿಂದೆ ಬಿದ್ದಿರೋ, ಹಿಮಗಾಡಿ ಸವಾರರ ಕ್ಲಬ್ಬಿನ ತಂಗುಮನೆಯಲ್ಲಿ ಬಟಾಣಿ ಸಾರು ಕುಡಿಯುತ್ತ ಕೂತವರೆಲ್ಲ ತಿರುಗಿ ನೋಡುತ್ತಾರೆ.

ರೋಸೇರ್ ಗಿರಾರ್‌ನನ್ನು ಎರಡು ಚಳಿಗಾಲದಿಂದ ಹಾಗೆ ನೋಡುತ್ತಿದ್ದರು.

ಅವನಿಗೆ ನಲವತ್ತಾರು. ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ. ಒಂದು ಕಾಲದಲ್ಲಿ ಆ ಸೀಮೆಯಲ್ಲೇ ಅವನಷ್ಟು ಬಿರುಸಾಗಿ ಗಾಡಿ ಓಡಿಸುವವರು ಇರಲಿಲ್ಲ. ಈಗ ಹೆಂಡತಿ ಕೋಲೆಟ್‌ಳ ತಮ್ಮ ಡೊನಾ ಮುಂದೆ ಹೋಗಿ, ದಾರಿ ಕವಲೊಡೆಯುವಲ್ಲಿ ನಿಂತು, ಹೆಲ್ಮೆಟ್ ತೆಗೆದು ಕಾಯುತ್ತಿದ್ದ.

"ಬಂದ್ಯಾ ಭಾವ? ಹುಡುಕೋಕೆ ಜನ ಕಳಿಸೋಣ ಅಂತಿದ್ದೆ," ಎನ್ನುತ್ತಿದ್ದ.

ರೋಸೇರ್ ನಕ್ಕುಬಿಡುತ್ತಿದ್ದ. ಆದರೆ ಮನೆಗೆ ಬಂದು ಬೂಟು ಬಿಚ್ಚುವಾಗ ಆ ಮಾತು ಮತ್ತೆ ಚುಚ್ಚುತ್ತಿತ್ತು. ಮಂಡಿಯೂ ನೋಯುತ್ತಿತ್ತು. ಉಬ್ಬುತಗ್ಗಿನ ದಾರಿಯಲ್ಲಿ ಹಳೆಯ ಗಾಡಿ ಅವನನ್ನು ಮೂಟೆಯಂತೆ ಕುಕ್ಕುತ್ತಿತ್ತು. ನನ್ನ ಗಾಡಿಯಲ್ಲಿ ಕಸುವಿಲ್ಲ, ಅದಕ್ಕೇ ಹೀಗೆ ಎಂದು ಅವನು ತೀರ್ಮಾನ ಮಾಡಿಕೊಂಡ. ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಗಾಡಿಯ ಮೇಲೆ ಕಣ್ಣಿಟ್ಟ. ಬೆಟ್ಟಗಳ ಆಳದ ಹಿಮಕ್ಕೆಂದು ಮಾಡಿದ್ದು ಅದು. ಕೆಳಗೆ ಸುತ್ತುವ ರಬ್ಬರ್ ಪಟ್ಟಿಯ ಸುತ್ತಳತೆ ನೂರ ಅರವತ್ತೈದು ಇಂಚು. ಪಟ್ಟಿಯ ಹಲ್ಲುಗಳು ಮೂರು ಬೆರಳಗಲ ಎತ್ತರ. ಎಂಜಿನ್ನಂತೂ ಆ ಕಂಪನಿಯ ಗಾಡಿಗಳಲ್ಲೇ ಬಲವಾದದ್ದು.

ಶನಿವಾರ ಚಿಕ್ಕಮ್ಮ ಬೆರ್ನಾಡೆಟ್ ಊಟಕ್ಕೆ ಬಂದಿದ್ದಳು. ರೋಸೇರ್‌ನ ತಾಯಿಯ ತಂಗಿ ಅವಳು, ವಯಸ್ಸು ಅರವತ್ತಮೂರು. ಕ್ಲಬ್ಬಿನ ದಾರಿಗಳನ್ನು ಯಂತ್ರದಿಂದ ಸಮ ಮಾಡುವವಳೂ ಅವಳೇ, ರಜಾದಿನಗಳಲ್ಲಿ ಆ ದಾರಿಗಳಲ್ಲಿ ಗಸ್ತು ತಿರುಗುವವಳೂ ಅವಳೇ. ರೋಸೇರ್ ಗಾಡಿಯ ಚಿತ್ರವನ್ನು ಅವಳ ಮುಂದೆ ಹರಡಿದ.

"ಚೆನ್ನಾಗಿದೆ," ಎಂದಳು ಅವಳು. "ಬೆಟ್ಟಕ್ಕೆ ಮನೆ ಬದಲಾಯಿಸ್ತಿದ್ದೀಯಾ?"

"ಯಾಕೆ ಚಿಕ್ಕಮ್ಮ?"

"ಹೋದ ವರ್ಷ ದಾರಿ ಬಿಟ್ಟು ಆಳದ ಹಿಮಕ್ಕೆ ಎಷ್ಟು ಸಲ ಇಳಿದೆ?"

ರೋಸೇರ್ ಗಡ್ಡ ಕೆರೆದುಕೊಂಡ. "ಒಂದ್ಸಲ."

"ಅದೂ ಬೇಕಂತ ಇಳಿದಿದ್ದಲ್ಲ," ಎಂದಳು ಕೋಲೆಟ್ ಒಲೆಯ ಹತ್ತಿರದಿಂದ. "ಮೂತ್ರಕ್ಕೆ ನಿಲ್ಲಿಸಕ್ಕೆ ಹೋಗಿ ಹೂತುಹೋಗಿತ್ತು."

ಬೆರ್ನಾಡೆಟ್ ಬಿದ್ದೂ ಬಿದ್ದೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ನೋಡು, ನೀನು ಓಡೋದೆಲ್ಲ ಗಟ್ಟಿ ಮಾಡಿದ ದಾರೀಲಿ. ತಿರುವು, ಉಬ್ಬು, ಸೇತುವೆ. ಈ ಗಾಡಿ ಅದಕ್ಕೆ ಹುಟ್ಟಿದ್ದಲ್ಲ ಕಣೋ."

"ಬಲ ಇದ್ರೆ ಎಲ್ಲಾ ಕಡೆ ನಡೆಯುತ್ತೆ ಬಿಡು. ನೀನು ಓಡಿಸ್ತೀಯಲ್ಲ, ಆ ಅಜ್ಜಿ ಗಾಡಿ ನಂಗೆ ಬೇಡ."

"ಅಜ್ಜೀನೇ ಅಲ್ವಾ ನಾನು," ಎಂದಳು ಅವಳು, ಬೇಸರವಿಲ್ಲದೆ. "ನಾಳೆ ಅಂಗಡಿಯವರು ತಂಗುಮನೆ ಹತ್ರ ಗಾಡಿಗಳನ್ನ ತರ್ತಾರೆ. ಯಾರು ಬೇಕಾದ್ರೂ ಓಡಿಸಿ ನೋಡಬಹುದು. ಕೊಳ್ಳೋ ಮುಂಚೆ ಓಡಿಸು. ಅಷ್ಟೇ ನಾನು ಕೇಳೋದು."

ಭಾನುವಾರ ಬೆಳಿಗ್ಗೆ ಬಿಸಿಲಿತ್ತು, ಚಳಿ ಮೈನಸ್ ಹದಿನೆಂಟು ಡಿಗ್ರಿ. ರೋಸೇರ್ ಆ ದೊಡ್ಡ ಗಾಡಿ ಹತ್ತಿ ಮೊದಲು ಪಕ್ಕದ ಬಯಲಿಗೆ ಇಳಿಸಿದ. ಸೊಂಟದಾಳದ ಹಿಮದಲ್ಲಿ ಅದು ಮೀನಿನ ಹಾಗೆ ಈಜಿತು. ರೋಸೇರ್ ಹೆಲ್ಮೆಟ್ಟಿನೊಳಗೇ ಕೇಕೆ ಹಾಕಿದ. ಇಪ್ಪತ್ತೈದರ ಹರೆಯ ಮೈಗೆ ವಾಪಸು ಬಂದಂತಿತ್ತು. ಅದೇ ಹುಮ್ಮಸ್ಸಿನಲ್ಲಿ ದಾರಿಗೆ ಹತ್ತಿಸಿದ. ಬೆರ್ನಾಡೆಟ್ ತನ್ನ ಗಾಡಿಯಲ್ಲಿ ದೂರ ಬಿಟ್ಟು ಹಿಂದೆ ಬಂದಳು.

ನೇರ ದಾರಿ ಇರುವವರೆಗೆ ಎಲ್ಲ ಚೆನ್ನಾಗಿತ್ತು. ಸೇತುವೆ ದಾಟಿದ ಮೇಲೆ ಉಬ್ಬುಗಳು ಶುರುವಾದವು. ಅದರಾಚೆ ಬಲಕ್ಕೆ ಒಂದು ತಿರುವು, ದಟ್ಟವಾದ ಸ್ಪ್ರೂಸ್ ಮರಗಳ ಮರೆ. ಸಾವಿರ ಸಲ ತಿರುಗಿದ ತಿರುವು. ರೋಸೇರ್ ಹಿಡಿಯನ್ನು ತಿರುಗಿಸಿದ. ಮುಂದೆ ಚಕ್ರದ ಬದಲಿಗಿರುವ ಸ್ಕೀ ಹಲಗೆಗಳು ತಿರುಗಿದವು, ಗಾಡಿ ತಿರುಗಲಿಲ್ಲ. ಹಿಂದಿನ ಉದ್ದ ಪಟ್ಟಿ ಅದನ್ನು ನೇರವಾಗಿ ನೂಕುತ್ತಲೇ ಹೋಯಿತು. ಒಳಬದಿಯ ಸ್ಕೀ ನೆಲ ಬಿಟ್ಟು ಮೇಲೆದ್ದಿತು. ಗಾಡಿ ತನ್ನ ಬಲಬದಿ ಬಿಟ್ಟು, ಎದುರಿನಿಂದ ಬರುವವರಿಗೆ ಸೇರಿದ ಎಡಭಾಗಕ್ಕೆ ಜಾರಿತು.

ಎಡಭಾಗದಲ್ಲಿ ಎದುರಿನಿಂದ ಒಂದು ಗಾಡಿ ಬರುತ್ತಿತ್ತು. ಅದರ ಮೇಲೆ ಇಬ್ಬರು.

ರೋಸೇರ್ ಏನು ಮಾಡಿದನೋ ಅವನಿಗೇ ಆಮೇಲೆ ನೆನಪಿರಲಿಲ್ಲ. ಬ್ರೇಕು ಹಿಡಿದ, ಮೈಯನ್ನೆಲ್ಲ ಒಂದು ಕಡೆಗೆ ಎಸೆದ. ಗಾಡಿ ಅಡ್ಡಡ್ಡ ತಿರುಗಿ ದಾರಿಯಂಚಿನ ಹಿಮದ ದಿಬ್ಬಕ್ಕೆ ಮೂತಿ ಹೊಡೆದು ನಿಂತಿತು. ಎದುರಿನ ಗಾಡಿಗೂ ಅದಕ್ಕೂ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ.

ಎಂಜಿನ್ನುಗಳು ಆರಿದವು. ಎದುರಿನವನು ಹೆಲ್ಮೆಟ್ ತೆಗೆದ. ಎಪ್ಪತ್ತು ದಾಟಿದ ಮುದುಕ.

"ನಿಂಗೇನೂ ಆಗ್ಲಿಲ್ಲ ತಾನೇ, ಮಗಾ?" ಎಂದು ಕೇಳಿದ.

ಬೈದಿದ್ದರೆ ರೋಸೇರ್ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾರದೆ ಮುದುಕನ ಮುಖದಿಂದ ಕಣ್ಣು ತೆಗೆದ. ಮುದುಕನ ಹಿಂದೆ ಅವನ ಹೆಂಡತಿ ಕೂತಿದ್ದಳು. ಅವಳು ಹೆಲ್ಮೆಟ್ ತೆಗೆಯಲಿಲ್ಲ. ಗಾಡಿ ನಿಂತು ಎಷ್ಟೋ ಹೊತ್ತಾದರೂ ಎರಡು ಕೈಗಳಿಂದ ಗಂಡನ ಸೊಂಟವನ್ನು ಹಾಗೇ ಬಿಗಿಯಾಗಿ ಹಿಡಿದುಕೊಂಡಿದ್ದಳು. ರೋಸೇರ್ ಆ ಕೈಗಳನ್ನೇ ನೋಡುತ್ತ ನಿಂತ.

ಬೆರ್ನಾಡೆಟ್ ಬಂದಳು. ಮೊದಲು ಮುದುಕ ದಂಪತಿಯ ಹತ್ತಿರ ಹೋಗಿ, ಫ್ಲಾಸ್ಕಿನಿಂದ ಬಿಸಿ ಕಾಫಿ ಕೊಟ್ಟು, ಅವರು ಸುಧಾರಿಸಿಕೊಂಡು ಹೊರಡುವವರೆಗೂ ಜೊತೆಗಿದ್ದಳು. ಆಮೇಲೆ ಅಕ್ಕನ ಮಗನ ಕಡೆಗೆ ತಿರುಗಿದಳು.

"ಗಾಡಿ ತಿರುಗ್ಲಿಲ್ಲ ಚಿಕ್ಕಮ್ಮ," ಎಂದ ರೋಸೇರ್.

"ತಿರುಗಲ್ಲ ಅಂತ ನಿನ್ನೇನೇ ಹೇಳಿದ್ದೆ. ಆದ್ರೆ ಅದರ ವೇಗ ಯಾರ ಹೆಬ್ಬೆರಳಲ್ಲಿತ್ತು?"

ರೋಸೇರ್ ತಲೆ ತಗ್ಗಿಸಿದ. ವೇಗ ಕೊಡುವ ಪುಟ್ಟ ಸನ್ನೆಗೋಲು ಅವನ ಬಲಗೈ ಹೆಬ್ಬೆರಳಿನ ಕೆಳಗೇ ಇತ್ತು.

ಅವಳು ಅವನನ್ನು ಇನ್ನಷ್ಟು ಕುಗ್ಗಿಸಲಿಲ್ಲ. ಹಿಮದಲ್ಲಿ ಮಂಡಿಯೂರಿ ಕೂತು ತೋರಿಸಿದಳು. "ಇಲ್ಲಿ ನೋಡು. ಸ್ಕೀ ಎರಡೂ ಹತ್ತಿರ ಹತ್ತಿರ ಇವೆ. ಬೆಟ್ಟದ ಇಳಿಜಾರಲ್ಲಿ ಗಾಡೀನ ವಾಲಿಸೋಕೆ ಹೀಗೇ ಬೇಕು. ದಾರೀಲಿ ತಿರುವು ಬಂದ್ರೆ ಇದೇ ಮಗುಚೋಕೆ ನೋಡುತ್ತೆ. ಇಷ್ಟುದ್ದದ ಪಟ್ಟಿ ಹಿಮದಲ್ಲಿ ತೇಲಿಸುತ್ತೆ, ಗಟ್ಟಿ ನೆಲದಲ್ಲಿ ಮುಂದಕ್ಕೆ ನೂಕುತ್ತೆ. ಈ ಹಲ್ಲು ಮುಟ್ಟು."

ರೋಸೇರ್ ಮುಟ್ಟಿದ. ಮೆತ್ತಗೆ ಬಾಗಿತು.

"ಮಂಜುಗಡ್ಡೆ ಮೇಲೆ ಇವು ಮಡಚಿಕೊಳ್ತವೆ, ಹಿಡಿತ ಸಿಗಲ್ಲ. ಸ್ವಲ್ಪ ದಿನಕ್ಕೇ ಹರಿದೂ ಹೋಗ್ತವೆ. ಇನ್ನು ಎಂಜಿನ್ನು ತಣ್ಣಗಾಗೋದೇ ಪಟ್ಟಿ ಎರಚೋ ಹಿಮದಿಂದ. ಗಟ್ಟಿ ದಾರೀಲಿ ಪುಡಿ ಹಿಮ ಎಲ್ಲಿಂದ ಬರಬೇಕು? ಕಾದು ಕೂರುತ್ತೆ."

"ಹಂಗಾದ್ರೆ ಇದು ಕೆಟ್ಟ ಗಾಡೀನಾ?"

"ಛೇ, ಬಂಗಾರದಂಥ ಗಾಡಿ. ಅದರ ಜಾಗದಲ್ಲಿ. ಬಾ, ನನ್ನದು ಹತ್ತು."

ಬೆರ್ನಾಡೆಟ್‌ಳ ಗಾಡಿಯ ಪಟ್ಟಿ ನೂರ ಮೂವತ್ತೇಳು ಇಂಚು, ಹಲ್ಲು ಗಿಡ್ಡ, ಸ್ಕೀಗಳು ಅಗಲಕ್ಕೆ ಹರಡಿಕೊಂಡಿದ್ದವು. ಎಂಜಿನ್ ಮಧ್ಯಮದ್ದು. ರೋಸೇರ್ ಹೊರಡಲು ನೋಡಿದ. ಅವಳು ತಡೆದಳು. "ನೀನು ನನಗಿಂತ ಮೂವತ್ತು ಕಿಲೋ ಹೆಚ್ಚು. ಮೊದಲು ಸ್ಪ್ರಿಂಗು ನಿನ್ನ ತೂಕಕ್ಕೆ ಹೊಂದಿಸಬೇಕು." ಅವನನ್ನು ಕೂರಿಸಿ, ಗಾಡಿ ಎಷ್ಟು ತಗ್ಗಿತೆಂದು ನೋಡಿ, ಸ್ಪ್ಯಾನರಿನಿಂದ ಎರಡು ಸುತ್ತು ಬಿಗಿ ಮಾಡಿದಳು. "ಉಬ್ಬು ಬಂದಾಗ ಕೂರಬೇಡ. ಮಂಡಿ ಬಗ್ಗಿಸಿ ನಿಂತ್ಕೋ. ತಿರುವಿನ ಮುಂಚೆ ನಿಧಾನ, ತಿರುವಿನ ಆಚೆ ಜೋರು. ಬಲಗಡೆ ಬಿಟ್ಟು ಕದಲಬೇಡ."

ಅವನು ಸೇತುವೆಯವರೆಗೆ ಹಿಂದಕ್ಕೆ ಹೋಗಿ ಮತ್ತೆ ಬಂದ. ಅದೇ ಉಬ್ಬುಗಳು, ಅದೇ ತಿರುವು. ಉಬ್ಬುಗಳನ್ನು ಗಾಡಿ ನುಂಗಿಕೊಂಡು ಹೋಯಿತು, ಏಟು ಅವನ ಬೆನ್ನಿಗೆ ತಲುಪಲಿಲ್ಲ. ತಿರುವಿನಲ್ಲಿ ಮೈ ವಾಲಿಸಿದ್ದೇ ತಡ, ಸ್ಕೀಗಳು ನೆಲ ಕಚ್ಚಿ ಬಲಕ್ಕೆ ಎಳೆದುಕೊಂಡವು. ಮುಂದೆ ಸರೋವರದ ಹೆಪ್ಪುಗಟ್ಟಿದ ಹಿನ್ನೀರಿನ ಮೇಲಿನ ನೇರ ದಾರಿಯಲ್ಲಿ ಬ್ರೇಕು ಹಿಡಿದು ನೋಡಿದ. ಎಲ್ಲಿ ನಿಲ್ಲಬೇಕೆಂದುಕೊಂಡನೋ ಅಲ್ಲೇ ನಿಂತಿತು. ಅವನು ಅಲ್ಲೇ ಗಾಡಿ ಆರಿಸಿ, ದಾಟಿ ಬಂದ ದಾರಿಯತ್ತ ತಿರುಗಿ ನೋಡಿದ. ಎರಡು ವರ್ಷದಿಂದ ತಾನು ಹಿಂದೆ ಬೀಳುತ್ತಿದ್ದುದು ಎಂಜಿನ್ನಿನ ದೆಸೆಯಿಂದಲ್ಲ. ಏಟು ನುಂಗಬೇಕಾದ ಶಾಕುಗಳು ಹಳೆಯ ಗಾಡಿಯಲ್ಲಿ ಸತ್ತುಹೋಗಿದ್ದರೂ ಬದಲಾಯಿಸದೆ, ಉಬ್ಬು ಕಂಡಾಗಲೆಲ್ಲ ನೋವಿಗೆ ಹೆದರಿ ವೇಗ ಇಳಿಸುತ್ತಿದ್ದೆ ಎಂದು ಈಗ ಅವನಿಗೆ ಹೊಳೆಯಿತು.

"ಬಿರುಸಾಗಿ ಓಡಿಸಬೇಡ ಅಂತ ನಾನು ಹೇಳಲ್ಲ ಕಣೋ," ಎಂದಳು ಬೆರ್ನಾಡೆಟ್, ಆ ದೊಡ್ಡ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ಹಿಂದಿನಿಂದ ಬಂದು. "ನೀನು ಬಿರುಸಿನವನೇ. ಬಿರುಸಿನವನಿಗೆ ಮೊದಲು ಬೇಕಾಗಿದ್ದು ಒಳ್ಳೆ ಶಾಕು, ಒಳ್ಳೆ ಬ್ರೇಕು, ಹೇಳಿದ ಮಾತು ಕೇಳೋ ಸ್ಕೀ. ಎಂಜಿನ್ನಿನ ಲೆಕ್ಕ ಆಮೇಲೆ."

ಮನೆಯಲ್ಲಿ ರೋಸೇರ್ ಕೋಲೆಟ್‌ಗೆ ಏನನ್ನೂ ಮುಚ್ಚಿಡಲಿಲ್ಲ. ಆ ಹೆಂಗಸಿನ ಕೈಗಳು ಗಂಡನ ಸೊಂಟ ಬಿಡದಿದ್ದುದನ್ನೂ ಹೇಳಿದ. ಕೋಲೆಟ್ ಒಲೆ ಆರಿಸಿ ಬಂದು ಅವನ ಎದುರು ಕೂತಳು.

"ಆ ಎದುರಿನ ಗಾಡೀಲಿ ನಾವಿಬ್ರು ಇರಬಹುದಿತ್ತು," ಎಂದಳು. "ಗಾಡೀನೇ ಬೇಡ ಅಂದ್ರೆ ನಿಂಗೆ ಚಳಿಗಾಲ ಕಳೆಯಲ್ಲ, ಅದು ನಂಗೊತ್ತು. ಆದ್ರೆ ಈ ಸಲ ಅಂಗಡಿಗೆ ನಾನೂ ಬರ್ತೀನಿ."

ಬಂದವಳು ಸುಮ್ಮನಿರಲಿಲ್ಲ. "ಕೆಟ್ಟರೆ ರಿಪೇರಿ ಮಾಡೋರು ಹತ್ರದಲ್ಲಿ ಇದ್ದಾರಾ? ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತೆ? ಇವನ ತೂಕಕ್ಕೆ ಸ್ಪ್ರಿಂಗು ನೀವೇ ಹೊಂದಿಸಿ ಕೊಡ್ತೀರಾ?" ಎಂದು ಒಂದೊಂದಾಗಿ ಕೇಳಿದಳು. ಪಟ್ಟಿಗೆ ಮೊಳೆ ಹೊಡೆಸಿದರೆ ಮಂಜುಗಡ್ಡೆಯ ಮೇಲೆ ಹಿಡಿತ ಹೆಚ್ಚು ಎಂದ ಅಂಗಡಿಯವನು. "ಮೊದಲು ಕ್ಲಬ್ಬಲ್ಲಿ ಕೇಳ್ತೀವಿ, ಎಲ್ಲಾ ದಾರೀಲೂ ಮೊಳೆಗೆ ಒಪ್ಪಲ್ಲ," ಎಂದ ರೋಸೇರ್. ಮಾದರಿ ಗಾಡಿಯ ಮೇಲೆ ನಿಂತು, ಕೂತು, ಹಿಡಿಯ ಎತ್ತರ ನೋಡಿದ. ಕೊನೆಗೆ ಅವರು ಆರಿಸಿದ್ದು ನೂರ ಮೂವತ್ತೇಳರ ಪಟ್ಟಿ, ಮಧ್ಯಮ ಎಂಜಿನ್, ಹೊಂದಿಸಲು ಬರುವ ಒಳ್ಳೆಯ ಶಾಕುಗಳಿದ್ದ ಗಾಡಿಯನ್ನು. ಅದರಲ್ಲಿ ಒಬ್ಬರಿಗೇ ಜಾಗ.

"ಜೊತೇಲಿ ಹೋಗಬೇಕು ಅಂದ್ರೆ?" ಎಂದು ಅವನು ಅಳುಕಿನಿಂದ ಕೇಳಿದ.

"ಹಳೇ ಗಾಡೀಲಿ ಇಬ್ರು ಕೂರಬಹುದಲ್ಲ, ಅದಕ್ಕೆ ಹೊಸ ಶಾಕು ಹಾಕಿಸು," ಎಂದಳು ಕೋಲೆಟ್. "ಅದನ್ನ ನಾನು ಓಡಿಸ್ತೀನಿ, ನೀನು ಹಿಂದೆ ಕೂತ್ಕೋ."

ಫೆಬ್ರವರಿಯ ಒಂದು ಮಧ್ಯಾಹ್ನ ರೋಸೇರ್ ಹೊಸ ಗಾಡಿಯಲ್ಲಿ ಅದೇ ಸೇತುವೆ ದಾಟಿದ. ಉಬ್ಬುಗಳ ಮೇಲೆ ಡೊನಾನ ಬೆನ್ನಿಗೇ ಅಂಟಿಕೊಂಡು ಬಂದಿದ್ದ. ಇನ್ನೊಂದು ಚೂರು ವೇಗ ಕೊಟ್ಟಿದ್ದರೆ ದಾಟಿಬಿಡುತ್ತಿದ್ದ. ಮರಗಳ ಮರೆಯ ತಿರುವು ಕಂಡಿತು. ಡೊನಾ ಅದೇ ವೇಗದಲ್ಲಿ ಒಳಗೆ ಹೊಕ್ಕು ಮರೆಯಾದ. ರೋಸೇರ್ ಹೆಬ್ಬೆರಳು ಸಡಿಲಿಸಿ, ಬಲಕ್ಕೆ ಸರಿದು, ನಿಧಾನವಾಗಿ ತಿರುಗಿದ. ಎದುರಿನಿಂದ ಐದು ಗಾಡಿಗಳು ಸಾಲಾಗಿ ಬರುತ್ತಿದ್ದವು. ಮೊದಲಿನವನು ಕೈಯೆತ್ತಿದ, ರೋಸೇರನೂ ಕೈಯೆತ್ತಿದ. ಒಬ್ಬರ ಪಕ್ಕ ಒಬ್ಬರು ಹಾದುಹೋದರು. ಅಷ್ಟೇ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹಿಮಗಾಡಿ ಕೊಳ್ಳುವ ಮುನ್ನ ಕಳೆದ ವರ್ಷ ನೀವು ನಿಜವಾಗಿ ಎಲ್ಲಿ ಓಡಿಸಿದಿರಿ ಎಂದು ನೆನಪು ಮಾಡಿಕೊಳ್ಳಿ. ಗಟ್ಟಿ ದಾರಿಯಲ್ಲಾದರೆ ಗಿಡ್ಡ ಪಟ್ಟಿ, ಅಗಲ ಸ್ಕೀ, ಒಳ್ಳೆಯ ಶಾಕು, ಒಳ್ಳೆಯ ಬ್ರೇಕು ನೋಡಿ. ಉದ್ದ ಪಟ್ಟಿಯನ್ನು ಬೆಟ್ಟದವರಿಗೆ ಬಿಡಿ. ಓಡಿಸಿ ನೋಡದೆ ಕೊಳ್ಳಬೇಡಿ, ನಿಮ್ಮ ತೂಕಕ್ಕೆ ಹೊಂದಿಸದೆ ಹೊರಡಬೇಡಿ. ಮನೆಯವರನ್ನು ಅಂಗಡಿಗೆ ಕರೆದೊಯ್ಯಿರಿ. ನೀವು ಕೇಳದ ಪ್ರಶ್ನೆಯನ್ನು ಅವರು ಕೇಳುತ್ತಾರೆ. ಬಿರುಸಾಗಿ ಓಡಿಸಿ, ಸಂತೋಷಪಡಿ. ಆದರೆ ಕಣ್ಣಿಗೆ ಕಾಣದ ತಿರುವಿನಾಚೆ ಯಾರೋ ಒಬ್ಬರು ತಮ್ಮವರ ಸೊಂಟ ಹಿಡಿದು ಕೂತು ಬರುತ್ತಿದ್ದಾರೆ ಎಂದೇ ತಿಳಿಯಿರಿ. ಅವರು ನಿಮ್ಮನ್ನು ನಂಬಿಯೇ ಹೊರಟಿರುತ್ತಾರೆ.