ಗೆರೆ ಮೇಲಿನ ಕತ್ತರಿ

ಟೈಲರ್‌ಗೆ ಹುಚ್ಚು ಹಿಡಿಸಿದ್ದು ಅವನ ಮಗಳೇ. ಅಪ್ಪ ಒಂದೇ ಉಸಿರಿಗೆ ಅಂಗಿಯ ತೋಳು ಕತ್ತರಿಸುವುದನ್ನು ಸುಮ್ಮನೆ ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಹಾಕಿದಳು. ಬೆಳಗಾಗುವಷ್ಟರಲ್ಲಿ ಗುರುತು ಪರಿಚಯ ಇಲ್ಲದವರೆಲ್ಲ ನೋಡಿ, ಹೊಗಳಿ, ಇವನನ್ನು ಅಟ್ಟಕ್ಕೇರಿಸಿದ್ದರು. ಮಗಳು ಅದನ್ನು ಮರೆತು ತನ್ನ ಪಾಡಿಗೆ ಕಾಲೇಜಿಗೆ ಹೋದಳು. ಇವನು ಮರೆಯಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಮೊಬೈಲು ಸಿಕ್ಕಿಸಲು ಒಂದು ಕಂಬಿ ಹೊಡೆಸಿದ. ಕಾಲರ್ ಹೊಲಿಯುವ ವಿಡಿಯೋ ಹಾಕಿದ, ಜೇಬಿನದು ಹಾಕಿದ, ಗುಂಡಿ ತೂರಿಸುವ ಕಾಜಾದ್ದೂ ಹಾಕಿದ. ಒಂದು ನಾಯಿಯೂ ಮೂಸಲಿಲ್ಲ.

ಅಲ್ಲಿಗೆ ಅವನ ನೆಮ್ಮದಿ ಹಾಳಾಯಿತು. ಮಿಷನ್ ತುಳಿಯುತ್ತಿದ್ದರೂ ಕಣ್ಣು ಮೊಬೈಲಿನಲ್ಲಿ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಅದನ್ನು ಹಾಗೇ ಬಿಟ್ಟು, ಯಾರಾದರೂ ಏನಾದರೂ ಬರೆದರೇನೋ ಎಂದು ಓಡುವುದು.

"ರೀ, ಆ ಮನುಷ್ಯ ಕಂಬದ ಹಾಗೆ ನಿಂತಿದ್ದಾನೆ," ಎಂದು ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಹೆಂಡತಿ ಕೂಗುತ್ತಿದ್ದಳು. "ಬಿಚ್ಚಿ ಕಳಿಸ್ತೀರೋ, ಅವನನ್ನೂ ಸೇರಿಸಿ ಹೊಲೀತೀರೋ?"

ಒಂದು ಸಂಜೆ ಆ ಹಳೇ ತೋಳಿನ ವಿಡಿಯೋ ಕೆಳಗೆ ಯಾವನೋ ಬರೆದ: 'ಕತ್ತರಿ ಗೆರೆ ಬಿಟ್ಟು ಓಡ್ತಿದೆ. ಕೈ ನಡುಗುತ್ತಾ ತಾತಾ?' ಅದಕ್ಕೆ ನಗುವವರ ಸಾಲೇ ಸಾಲು.

ಓಡದೆ ಇನ್ನೇನು? ಸೀಮೆಸುಣ್ಣದ ಗೆರೆ ಮೈಯ ಅಳತೆ. ಹೊಲಿಗೆ ಬೀಳುವುದು ಅದರ ಮೇಲೆ. ಕತ್ತರಿ ಒಂದು ಬೆರಳು ಆಚೆ ಹೋಗಬೇಕು, ಇಲ್ಲವಾದರೆ ಹೊಲಿಗೆಗೆ ಬಟ್ಟೆಯೇ ಉಳಿಯುವುದಿಲ್ಲ. ಕೆಲವರು ಅದಕ್ಕೆ ಎರಡನೇ ಗೆರೆ ಎಳೆಯುತ್ತಾರೆ. ಇವನು ಎಳೆದವನೇ ಅಲ್ಲ. ಆ ಬೆರಳಗಲ ಇವನ ಕೈಯಲ್ಲೇ ಇತ್ತು. ಇಷ್ಟು ಬರೆದು ಅವನ ಬಾಯಿ ಮುಚ್ಚಿಸಬಹುದಿತ್ತು. ಆದರೆ 'ತಾತಾ' ಎಂದದ್ದು ಹಸಿಮೆಣಸಿನಕಾಯಿ ಕಚ್ಚಿದಂತೆ ನೆತ್ತಿಗೆ ಹತ್ತಿತು. ಇನ್ನೂ ಒಂದು ಕೂದಲೂ ನೆರೆತಿರಲಿಲ್ಲ.

"ನಡುಗುತ್ತಾ? ತೋರಿಸ್ತೀನಿ ತಾಳು ಮಗನೇ," ಎಂದವನೇ ಮೊಬೈಲು ಸಿಕ್ಕಿಸಿ, ಕೈಗೆ ಸಿಕ್ಕ ಬಟ್ಟೆ ಹರಡಿದ.

ಕೈಗೆ ಸಿಕ್ಕದ್ದು ಅಕ್ಕನ ಕೋಟಿನ ಬಟ್ಟೆ. ಅಕ್ಕ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಯವಳು. ಶನಿವಾರ ಅವಳ ಕೆಲಸದ ಕೊನೆಯ ದಿನ, ಬೀಳ್ಕೊಡುಗೆ. ಅದಕ್ಕೆಂದೇ ಹಸಿರು ಉಣ್ಣೆ ಬಟ್ಟೆ ಆರಿಸಿ ತಂದಿದ್ದಳು. ಅಂಗಡಿಯ ಬಟ್ಟೆ ಸುರುಳಿಯಲ್ಲಿ ಉಳಿದಿದ್ದ ಕೊನೆಯ ತುಂಡು. "ಒಂದು ದಿನವಾದ್ರೂ ಜನ ಸೌಟು ಬಿಟ್ಟು ನನ್ನನ್ನ ನೋಡ್ಲಿ ಕಣೋ," ಎಂದಿದ್ದಳು.

ಅಕ್ಕನ ಅಳತೆಗೆ ಗೆರೆ ಎಳೆದ. ಕತ್ತರಿ ಆ ಗೆರೆಯ ನೆತ್ತಿಯ ಮೇಲೇ ನಡೆಯಿತು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮುಂಭಾಗ, ಹಿಂಭಾಗ, ತೋಳು, ಎಲ್ಲ.

ಮರುದಿನ ಮೊಬೈಲಿಗೆ ಉಸಿರಾಡಲು ಪುರುಸೊತ್ತಿಲ್ಲ. ಕೈಯೋ ಯಂತ್ರವೋ, ಎಂದರು. ತಾತಾ ಎಂದವನೂ ತಪ್ಪಾಯ್ತು ಎಂದ. ಟೈಲರ್ ಶಿಳ್ಳೆ ಹಾಕುತ್ತಾ ಕಚ್ಚಾ ಹೊಲಿಗೆಗೆ ಕೂತ. ಹೆಗಲಿಗೆ ಹೆಗಲು ತಾಗಿಸಿದ, ಶಿಳ್ಳೆ ನಿಂತಿತು. ಹೊಲಿಗೆಗೆ ಎಲ್ಲೂ ಬಟ್ಟೆ ಬಿಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ಗೆರೆಯ ಒಳಗೇ ಹೊಲಿದು ಮುಗಿಸಿದ.

ಅತ್ತ ಜನ ಬಿಡರು. ಕೋಟು ಯಾವಾಗ ತೋರಿಸ್ತೀರಿ, ಯಾರಿಗೆ, ಎಂದು ಒಂದೇ ಸಮ. ಅವರ ನಡುವೆ ಒಬ್ಬ, ಕಸುಬಿನವನೇ ಇರಬೇಕು, ಕೇಳಿದ: 'ಹೊಲಿಗೆಗೆ ಬಟ್ಟೆ ಎಲ್ಲಿ ಬಿಟ್ಟೆ ಅಣ್ಣಾ?' ಟೈಲರ್ ಅದನ್ನು ಅಳಿಸಿದ. ಅವನು ಮತ್ತೆ ಬರೆದ. ಇವನು ಮತ್ತೆ ಅಳಿಸಿದ. ರಾತ್ರಿ ಮಲಗಿದರೆ ದಿಂಬು ಚುಚ್ಚುತ್ತದೆ.

ಶುಕ್ರವಾರ ಮಧ್ಯಾಹ್ನ ಅಕ್ಕ ಬಂದಳು. ಬಾಗಿಲಲ್ಲೇ ಶುರು.

"ಏನೋ, ದೊಡ್ಡ ಮನುಷ್ಯ ಆಗ್ಬಿಟ್ಟೆ! ನಮ್ಮ ಹಾಸ್ಟೆಲ್ ಹುಡುಗೀರೆಲ್ಲ ನೋಡಿದ್ರು. 'ಅಮ್ಮಾ, ಇದು ನಿಮ್ಮ ಕೋಟೇನಾ?' ಅಂತ ಅಡುಗೆಮನೆಗೇ ಬಂದು ಕೇಳ್ತಾರೆ. ಕೊಡು ಇಲ್ಲಿ."

ಹಾಕಿಕೊಂಡಳು. ತೋಳು ಕಷ್ಟಪಟ್ಟು ಏರಿತು. ಎದೆಯ ಮೇಲೆ ಎರಡು ಅಂಚುಗಳು ಜಗಳವಾಡಿದ ಓರಗಿತ್ತಿಯರ ಹಾಗೆ ದೂರ ನಿಂತವು.

"ನೀನು ದಪ್ಪ ಆಗಿದ್ದೀಯ," ಎಂದುಬಿಟ್ಟ ಟೈಲರ್. ದರ್ಜಿಗಳ ನಾಲಗೆ ತುದಿಯಲ್ಲಿ ಸದಾ ಸಿದ್ಧವಿರುವ ಸುಳ್ಳು.

ಒಂದು ಮಾತಿಗೆ ಹತ್ತು ತಿರುಗಿ ಕೊಡುವ ಅಕ್ಕ ಕನ್ನಡಿಯತ್ತ ತಿರುಗಿದಳು. ಉಸಿರು ಎಳೆದು ಹೊಟ್ಟೆ ಒಳಗೆ ಹಾಕಿದಳು. ಆಗಲೂ ಗುಂಡಿ ಕಾಜಾಕ್ಕೆ ಎಟುಕಲಿಲ್ಲ.

"ಹೌದೇನೋ," ಎಂದಳು ಮೆಲ್ಲಗೆ. "ಉಪ್ಪು ನೋಡು, ಖಾರ ನೋಡು ಅಂತ ನೋಡ್ತಾ ನೋಡ್ತಾ... ಬಿಡು. ಹಳೇ ಶಾಲು ಹೊದ್ಕೊಂಡು ಹೋಗ್ತೀನಿ. ಇದನ್ನ ನಿನ್ನ ಮಗಳಿಗೆ ಮಾಡ್ಕೊಡು."

ಹೆಂಡತಿ ದಾರ ಕಚ್ಚಿ ಹರಿದು ಗಂಡನ ಮುಖ ನೋಡಿದಳು. ಮೇಜಿನ ಮೇಲೆ ಮೊಬೈಲು ಗುರ್ ಎಂದಿತು. ಅಕ್ಕ ಕೋಟು ಬಿಚ್ಚಿ, ಮಡಚಿ, ಸುಕ್ಕಾಗದಂತೆ ಸವರುತ್ತಿದ್ದಳು. ಆ ಸವರುವ ಕೈ ನೋಡಲು ಇವನಿಂದ ಆಗಲಿಲ್ಲ.

"ಥೂ, ನೀನೇನೂ ದಪ್ಪ ಆಗಿಲ್ಲ!" ಎಂದು ಅರಚಿದ, ತಪ್ಪು ಅವಳದೇ ಎಂಬಂತೆ. "ನಾನೇ ಗೆರೆ ಮೇಲೆ ಕತ್ತರಿಸಿದೆ. ಯಾವನೋ ಕೈ ನಡುಗುತ್ತೆ ಅಂದ. ಅವನಿಗೆ ತೋರಿಸೋಕೆ ಹೋಗಿ ನಿನ್ನ ಬಟ್ಟೆ ಹಾಳ್ಮಾಡಿದೆ."

ಅಕ್ಕ ಮರದ ಸ್ಕೇಲು ತೆಗೆದುಕೊಂಡು ಅವನ ಬೆನ್ನಿಗೆ ಒಂದು ಬಿಟ್ಟಳು.

"ಇನ್ನೊಂದು ಹಾಕಿ ಅತ್ತಿಗೆ," ಎಂದಳು ಹೆಂಡತಿ. "ಅದು ನನ್ನ ಪಾಲಿಂದು."

"ಹೊಟ್ಟೆ ಎಳ್ಕೊಂಡು ನಿಂತಿದ್ದೆನಲ್ಲೋ ಪಾಪಿ!" ಅಕ್ಕನ ಕಣ್ಣಲ್ಲಿ ನೀರು. ಕೋಪವೋ ನಗುವೋ ಅವಳಿಗೇ ಗೊತ್ತಿರಲಿಲ್ಲ. "ನಾಳೆ ನಾನು ಇದನ್ನ ಹಾಕೋಬೇಕು. ಏನ್ಮಾಡ್ತೀಯೋ ಮಾಡು."

"ಪಕ್ಕಕ್ಕೆ, ತೋಳಿಗೆ, ಹೆಗಲಿಗೆ ಕರೀ ಬಟ್ಟೆ ಪಟ್ಟಿ ಕೊಡ್ಬೇಕು. ಎದುರಿಗೂ ಅಂಚು ಕಟ್ಬೇಕು. ಎದ್ದು ಕಾಣುತ್ತೆ."

"ಕಾಣ್ಲಿ. ಹುಡುಗೀರು ಕೇಳಿದ್ರೆ ಹೇಳ್ತೀನಿ, ನನ್ನ ತಮ್ಮ ಎಲ್ಲೋ ನೋಡ್ಕೊಂಡು ಕತ್ತರಿಸಿದ ಅಂತ."

ಟೈಲರ್ ಕರೀ ಬಟ್ಟೆ ಹುಡುಕಿ ತೆಗೆದ. ಮೊಬೈಲಿನಲ್ಲಿ ಆ ಕಸುಬಿನವನು ಮೂರನೇ ಸಲ ಅದನ್ನೇ ಕೇಳಿದ್ದ. ಅಳಿಸಲು ಹೋದ ಬೆರಳು ಅಲ್ಲೇ ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಒತ್ತಿದ: 'ಬಿಟ್ಟಿಲ್ಲ. ಮರೆತೆ. ಕೋಟು ಬಿಗಿಯಾಯ್ತು.' ಎಲ್ಲರಿಗೂ ಕಾಣುವ ಹಾಗೆ ಕಳಿಸಿ, ಮೊಬೈಲನ್ನು ಬೋರಲು ಹಾಕಿ, ಗೆರೆ ಎಳೆದ. ಒಂದು ಬೆರಳು ಬಿಟ್ಟು ಕತ್ತರಿ ಇಟ್ಟ.

ಅರ್ಧ ಕತ್ತರಿಸುವಷ್ಟರಲ್ಲಿ ಮೊಬೈಲು ಗುರ್ ಎಂದಿತು. ಮತ್ತೆ ಗುರ್. ಬೈಯುತ್ತಿದ್ದಾರೋ, ನಗುತ್ತಿದ್ದಾರೋ. ಅವನ ಎಡಗೈ ತಾನಾಗಿಯೇ ಅತ್ತ ಜರುಗಿತು.

ಅಕ್ಕ ಸ್ಕೇಲು ಎತ್ತಿ ಹಿಡಿದಳು.