ಎಣ್ಣೆ ಕಾಣದ ಗೇಟು

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಮೈದುನ ನೀರಿನ ಜಗ್ಗಿಗೆ ಮೊಬೈಲನ್ನು ಒರಗಿಸಿ, ಎಂಜಲು ತಾಗದಂತೆ ಎಡಗೈ ಕಿರುಬೆರಳಿನಿಂದ ಪರದೆ ಮುಟ್ಟಿದ.

"ಒಂದು ನಿಮಿಷ ಯಾರೂ ಮಾತಾಡಬೇಡಿ. ಇದನ್ನ ಕೇಳಿ."

ಪರದೆಯ ಮೇಲೆ ಮೋಡಗಳ ನಡುವೆ ಒಂದು ದೋಣಿ ತೇಲುತ್ತಿತ್ತು. ಅದರ ಅಂಚು ಹಿಡಿದು ಬಗ್ಗಿದ ಪುಟ್ಟ ಹುಡುಗನೊಬ್ಬ ಬಿಕ್ಕುತ್ತ ಹೇಳಿದ: "ದೋಣಿ ತಿರುಗಿಸಕ್ಕ. ಅಪ್ಪ ಇನ್ನೂ ಕೆಳಗಿದಾನೆ."

ಮೈದುನ ಅಲ್ಲಿಗೇ ನಿಲ್ಲಿಸಿದ. "ಕೇಳಿದ್ರಾ? ಎಣ್ಣೆ ಕಾಣದ ಗೇಟು ತೆಗೆದ ಹಾಗಿಲ್ವಾ? ಜಪಾನಿ ಭಾಷೆಲಿ ಇದೇ ದೃಶ್ಯ ನೋಡಿ ನಾನು ಅತ್ತಿದ್ದೆ. ಈಗ ನಮ್ಮ ಭಾಷೆಗೆ ಡಬ್ ಮಾಡಿದಾರಂತೆ ಮಹಾನುಭಾವರು. ಯಾವುದೋ ಮುದಿ ಹೆಂಗಸಿನ ಕೈಲಿ ಮಾತಾಡಿಸಿದಾರೆ."

ಮತ್ತೊಮ್ಮೆ ಹಾಕಿದ, ತಾನೇ ತಯಾರಿಸಿದ ವಿಡಿಯೊದಲ್ಲಿ. ಈ ಸಲ 'ದೋಣಿ' ಎನ್ನುವಲ್ಲಿ ಗೇಟು ಕಿರುಗುಟ್ಟುವ ಸದ್ದನ್ನೂ ಸೇರಿಸಿದ್ದ. ಮಗಳು ಬಾಯಲ್ಲಿದ್ದದ್ದು ಹೊರಬರುವಂತೆ ನಕ್ಕಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡನೂ ನಕ್ಕ. ನಕ್ಕವನು ತಕ್ಷಣ ಹೆಂಡತಿಯ ಕಡೆ ನೋಡಿ ತಟ್ಟೆಯ ಮೇಲೆ ಮುಖ ಬಗ್ಗಿಸಿದ.

ಬಡಿಸಲು ನಿಂತಿದ್ದ ಅತ್ತಿಗೆಯ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಮೈದುನ ಕರೆಯುತ್ತಿದ್ದ 'ಅತ್ತಿಗೆ' ಎಂಬುದೇ ಅಕ್ಕಪಕ್ಕದ ಮನೆಯವರ ಬಾಯಲ್ಲೂ ನಿಂತು, ಅದೇ ಅವಳ ಹೆಸರಾಗಿಬಿಟ್ಟಿತ್ತು. ಆ ಹುಡುಗನಿಗೆ ಧ್ವನಿ ಕೊಟ್ಟವಳು ಅವಳೇ. ಮನೆಯಲ್ಲಿ ಗಂಡನಿಗೆ ಮಾತ್ರ ಅದು ಗೊತ್ತಿತ್ತು.

"ಇನ್ನೊಂಚೂರು ಹಾಕ್ಲಾ?" ಎಂದು ಅವಳು ಮೈದುನನನ್ನು ಕೇಳಿದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ತಟ್ಟೆ ಮುಂದೆ ಚಾಚಿದ.

ಅವಳದು ಕಂಠದಾನದ ಕೆಲಸ. ಸಾಬೂನಿನ ಜಾಹೀರಾತು, ಬ್ಯಾಂಕಿನ ದೂರವಾಣಿಯಲ್ಲಿ 'ದಯವಿಟ್ಟು ನಿರೀಕ್ಷಿಸಿ' ಎನ್ನುವ ಧ್ವನಿ, ಲಿಫ್ಟಿನಲ್ಲಿ ಮಹಡಿ ಹೇಳುವ ಧ್ವನಿ. ಜನ ಕೇಳಿಯೂ ಕೇಳಿಸಿಕೊಳ್ಳದ ಮಾತುಗಳು. ಈ ಕಾರ್ಟೂನ್ ಸರಣಿ ಸಿಕ್ಕಾಗ ಅವಳು ಹಿಗ್ಗಿದ್ದಕ್ಕೆ ಕಾರಣ ಮೈದುನನೇ. ಅವಳು ಸೊಸೆಯಾಗಿ ಬಂದಾಗ ಅವನಿನ್ನೂ ಶಾಲೆಯ ಹುಡುಗ. ಶಾಲೆಯಲ್ಲಿ ಅವನನ್ನು 'ಕಾರ್ಟೂನು' ಎಂದೇ ಕರೆಯುತ್ತಿದ್ದರು. ಅವನು ಗೋಡೆಗೆ ಅಂಟಿಸಿದ್ದ ಚಿತ್ರವನ್ನು ಸ್ವಂತ ಅಣ್ಣನೇ 'ಮೀಸೆ ಬರೋ ವಯಸ್ಸಿಗೆ ಗೊಂಬೆಯಾಟ' ಎಂದು ಹರಿದು ಹಾಕಿದ್ದ. ಹೊಸ ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ಮದುಮಗಳು ಆ ಹುಡುಗನ ಪಕ್ಕ ನೆಲದ ಮೇಲೆ ಕೂತು, ಅವನು ಎಲ್ಲಿಂದಲೋ ತಂದ ಡಿಸ್ಕುಗಳನ್ನು ನೋಡಿದಳು. ಪರದೆಯ ಕೆಳಗೆ ಓಡುವ ಸಾಲುಗಳನ್ನು ಓದಿ ಮುಗಿಸಲು ಅವಳಿಗಾಗುತ್ತಿರಲಿಲ್ಲ. ಅವನೇ ಓದಿ ಹೇಳುತ್ತಿದ್ದ, ಒಂದೊಂದು ಪಾತ್ರಕ್ಕೆ ಒಂದೊಂದು ಧ್ವನಿ ಮಾಡಿ.

ಪ್ರಸಾರ ಮುಗಿಯುವವರೆಗೆ ಹೊರಗೆ ಬಾಯಿಬಿಡಬಾರದೆಂಬುದು ಸ್ಟುಡಿಯೊದ ಕರಾರು. ಕೊನೆಯ ಕಂತಿನ ದಿನ ಅವನಿಗೆ ಹೇಳಿ ಮುಖ ನೋಡಬೇಕು ಎಂದು ಅವಳು ಅಂದುಕೊಂಡಿದ್ದಳು.

ಪಾತ್ರೆ ಇಡಲು ಅಡುಗೆಮನೆಗೆ ಬಂದ ಗಂಡನಿಗೆ ಅವಳು ಬೆನ್ನು ತಿರುಗಿಸಿಯೇ ಹೇಳಿದಳು. "ನೀವೂ ನಕ್ಕಿರಿ."

"ನಗು ಬಂದ್ಬಿಡ್ತು. ಏನ್ ಮಾಡ್ಲಿ? ಆ ಗೇಟಿನ ಸದ್ದು ಹಾಗೆ ಸೇರಿಸಿದಾನೆ." ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, "ಅವನಿಗೆ ಹೇಳಿಬಿಡ್ಲಾ?" ಎಂದ.

"ಬೇಡ. ನಾನು ಅಂತ ಗೊತ್ತಾದ್ರೆ ಚೆನ್ನಾಗಿದೆ ಅಂತಾನೆ. ಅದನ್ನ ಕಟ್ಕೊಂಡು ನನಗೇನಾಗ್ಬೇಕು?"

ಮೈದುನನಿಗೆ ಈಗ ಬೇರೆಯೇ ಹೆಸರಿತ್ತು. ಇಂಟರ್ನೆಟ್ಟಿನಲ್ಲಿ ಅವನು 'ಹಳಬ'. ಅನಿಮೆ ಎಂಬ ಜಪಾನಿ ಕಾರ್ಟೂನು ಎಂದರೇನೆಂದು ಊರಿಗೇ ಗೊತ್ತಿಲ್ಲದ ಕಾಲದಲ್ಲಿ, ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೆಳೆಯರೊಂದಿಗೆ ಬಾಗಿಲು ಹಾಕಿಕೊಂಡು ನೋಡಿದವನು ಅವನು. ಈಗ ಬೀದಿಬದಿಯ ಬನಿಯನ್ನಿನ ಮೇಲೂ ಅವೇ ಮುಖಗಳು. ಹಿಂದೆ ಅವನ ಚೀಲ ಕಿತ್ತು ಚರಂಡಿಗೆ ಎಸೆದವರೇ ಈಗ ರಸ್ತೆಯಲ್ಲಿ ತಡೆದು, "ಆ ಹೊಸದನ್ನ ನೋಡಿದ್ಯೇನೋ, ಸೂಪರ್" ಎನ್ನುತ್ತಿದ್ದರು. ತಾನು ಪ್ರೀತಿಸಿದ್ದನ್ನು ಎಲ್ಲರೂ ಪ್ರೀತಿಸಿದರೆ ಖುಷಿಯಾಗಬೇಕಿತ್ತು. ಅವನಿಗೆ ಮನೆಗೆ ಕಳ್ಳರು ನುಗ್ಗಿದಂತಾಗಿತ್ತು.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಯಾವುದೋ ಪಾತ್ರದ ಹಾಗೆ ದುಂಡು ಫ್ರೇಮು ಬೇಕೆಂದು ಬಂದ ಹುಡುಗಿಯೊಬ್ಬಳನ್ನು, "ಆ ಪಾತ್ರಕ್ಕೆ ಕಣ್ಣು ಹೋಗಿದ್ದು ಯಾವ ಕಂತಿನಲ್ಲಿ? ಅವನ ತಾಯಿ ಯಾರು?" ಎಂದು ಅವಳ ತಾಯಿಯ ಎದುರೇ ಕೇಳಿ, ಉತ್ತರ ಬರದಿದ್ದಾಗ ಫ್ರೇಮನ್ನು ವಾಪಸ್ ಗಾಜಿನ ಕಪಾಟಿಗೆ ಇಟ್ಟಿದ್ದ. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲಿಳಿದಳು. "ಕಣ್ಣು ಪರೀಕ್ಷೆ ಮಾಡೋ ಅಂಗಡಿ ಕಣಯ್ಯ ಇದು. ಗಿರಾಕಿಗಳ ಜಾಣತನ ಪರೀಕ್ಷೆ ಮಾಡು ಅಂದವರು ಯಾರು?" ಎಂದು ಮಾಲೀಕರು ಗೊಣಗಿದರು. ಅವನು ಸಂಜೆ ಅದನ್ನೇ ಗೆಳೆಯರ ಗುಂಪಿನಲ್ಲಿ ಹೇಳಿ ನಗಿಸಿದ.

ಇಂಟರ್ನೆಟ್ಟಿಗೆ ಹಾಕಿದ್ದ ಗೇಟಿನ ವಿಡಿಯೊ ಅವನ ಎಣಿಕೆ ಮೀರಿ ಹರಡಿತು. ಅನಿಮೆ ನೋಡದವರೂ ಅದನ್ನು ಕಳಿಸಿಕೊಂಡು ನಕ್ಕರು. ಅದರ ಕೊನೆಯಲ್ಲಿ ಅವನು ಹೇಳಿದ್ದ ಒಂದು ಮಾತು ಎಲ್ಲರ ಬಾಯಿಗೆ ಹತ್ತಿತು: 'ಅಜ್ಜಿ, ಮೈಕು ಕೆಳಗಿಟ್ಟು ಮನೆಗೆ ಹೋಗಿ ಪಾತ್ರೆ ತೊಳಿ.' ಸ್ಟುಡಿಯೊದ ಪುಟದಲ್ಲಿ ಎಲ್ಲಿ ನೋಡಿದರೂ ಅದೇ. ಅತ್ತಿಗೆ ಓದಬಾರದೆಂದುಕೊಂಡೇ ಓದುತ್ತಿದ್ದಳು, ಬಸ್ಸಿನಲ್ಲಿ, ಒಗೆದ ಬಟ್ಟೆ ಹರವುವಾಗ. ಒಂದು ಸಂಜೆ ಮಗಳು ಕನ್ನಡಿಯ ಮುಂದೆ ಬಾಚಣಿಗೆ ಹಿಡಿದು, ಗಂಟಲು ಕಿರುಗುಟ್ಟಿಸಿ, "ದೋಣಿ ತಿರುಗಿಸಕ್ಕ" ಎನ್ನುತ್ತಿದ್ದಳು.

"ಎಲ್ಲಿ ಕಲಿತೆ?"

"ನಮ್ಮ ಕ್ಲಾಸಲ್ಲಿ ಎಲ್ರೂ ಮಾಡ್ತಾರಮ್ಮ. ನಮ್ಮ ಚಿಕ್ಕಪ್ಪನೇ ಮಾಡಿದ್ದು ಅಂದ್ರೆ ಯಾರೂ ನಂಬ್ತಿಲ್ಲ. ಶಾಲೆಗೆ ಒಂದ್ಸಲ ಬಾ ಅಂತ ಹೇಳಮ್ಮ ಅವನಿಗೆ."

ಅತ್ತಿಗೆ ಬಾಚಣಿಗೆ ತೆಗೆದುಕೊಂಡು ಮಗಳ ತಲೆ ಬಾಚಿದಳು. ಜಡೆ ತುಸು ಬಿಗಿಯಾಯಿತೆಂದು ಮಗಳು ಕೂಗಿಕೊಂಡಳು.

ಸ್ಟುಡಿಯೊದ ಧ್ವನಿಗ್ರಾಹಕ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಅವತ್ತು ಅವಳು ಹೋದಾಗ ಹೆಡ್‌ಫೋನ್ ಕೊಡಲಿಲ್ಲ, ಕುರ್ಚಿ ತೋರಿಸಿದ.

"ಮುಂದಿನ ಕಂತಿಂದ ಬೇರೆಯವರು ಮಾಡ್ತಾರಮ್ಮ."

"ತಪ್ಪಾಗಿದ್ರೆ ಮತ್ತೆ ಹೇಳ್ತೀನಿ ಸರ್. ಇನ್ನೂ ಎಳೆಯ ಧ್ವನಿ ಬೇಕಾದ್ರೆ—"

"ತಪ್ಪಿಲ್ಲ. ಅಳೋ ದೃಶ್ಯ ನೀವು ಮಾಡಿದಾಗ ನಾನು ಕನ್ನಡಕ ತೆಗೆದು ಒರೆಸ್ಕೊಂಡಿದ್ದೆ. ಆದ್ರೆ ಮೇಲಿನವರು ಕಂತು ಕೇಳಲ್ಲ, ಕೆಳಗೆ ಜನ ಬರೆದಿದ್ದನ್ನ ಓದ್ತಾರೆ." ಅವನು ಗುಂಡಿಗಳ ಮೇಲಿನ ಧೂಳು ಒರೆಸುತ್ತ ಹೇಳಿದ. "ಹೊಸ ಹುಡುಗಿ ಅಭಿಮಾನಿಗಳ ಪೈಕಿಯವಳೇ ಅಂತೆ. ಅವರಿಗೆ ಸಮಾಧಾನ ಆಗುತ್ತೆ."

ಸುದ್ದಿಯನ್ನು ಸ್ಟುಡಿಯೊದ ಪುಟದಲ್ಲಿ ಓದಿ, ಮನೆಗೆ ಅವಳಿಗಿಂತ ಮೊದಲು ಮುಟ್ಟಿಸಿದವನು ಮೈದುನ. ಅವಳು ಬಂದು ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಕೂತಾಗ, ಅವನು ಅತ್ತೆಗೂ ಮಗಳಿಗೂ ಹೇಳುತ್ತಿದ್ದ: "ಕಿತ್ತು ಹಾಕಿದ್ರು. ನಾವು ಬಿಡ್ಲಿಲ್ಲ. ಇನ್ಮೇಲೆ ಡಬ್ ಮಾಡೋರು ನಮ್ಮನ್ನ ಕೇಳಿ ಮಾಡ್ತಾರೆ."

ಅತ್ತಿಗೆ ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟಳು. ತಲೆಯೆತ್ತದೆಯೇ, ಆ ಹುಡುಗನ ಧ್ವನಿಯಲ್ಲಿ, ಅಷ್ಟೇ ಬಿಕ್ಕು ತುಂಬಿ ಹೇಳಿದಳು: "ದೋಣಿ ತಿರುಗಿಸಕ್ಕ. ಅಪ್ಪ ಇನ್ನೂ ಕೆಳಗಿದಾನೆ."

ಮಗಳು ಚಪ್ಪಾಳೆ ತಟ್ಟಿದಳು. "ಅಮ್ಮ ಎಲ್ಲರಿಗಿಂತ ಚೆನ್ನಾಗಿ ಅಣಕಿಸ್ತಾಳೆ."

ಮೈದುನ ನಗಲಿಲ್ಲ. ಕಿರುಗುಟ್ಟುವ ಸದ್ದು ಸೇರಿಸಲೆಂದು ಅವನು ಆ ಎರಡು ಸಾಲನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ. 'ಕೆಳಗಿದಾನೆ' ಎನ್ನುವಲ್ಲಿ ಉಸಿರು ಎಲ್ಲಿ ತುಂಡಾಗುತ್ತದೆಂದು ಅವನಿಗೆ ಗೊತ್ತಿತ್ತು. ಅಲ್ಲಿಯೇ ತುಂಡಾಗಿತ್ತು.

"ಅತ್ತಿಗೆ, ನೀವಾ?"

"ಹೂಂ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದಳು. ಮೈದುನ ಎದ್ದು ನಿಂತ. ಅವನಿಗೆ ಮೊದಲು ಬಂದದ್ದು ಸಿಟ್ಟು.

"ನನಗೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ಬೇಡ ಅಂತಿದ್ದೆ. ನಿಮಗೆ ಇದೆಲ್ಲ ಯಾಕೆ ಬೇಕಿತ್ತು? ಲಿಫ್ಟಿನ ಕೆಲಸ ಚೆನ್ನಾಗೇ ಇತ್ತಲ್ಲ. ಇದು ನಮ್ಮದು ಅತ್ತಿಗೆ. ಇದಕ್ಕೋಸ್ಕರ ನಾವು ಎಷ್ಟು ಒದೆ ತಿಂದಿದೀವಿ ನಿಮಗೆ ಗೊತ್ತು. ಈಗ ಯಾರ್ಯಾರೋ ಬಂದು ಹೇಗ್ಹೇಗೋ ಮಾಡಿದ್ರೆ ಹೊಟ್ಟೆ ಉರಿಯಲ್ವಾ?"

"ಗೊತ್ತು. ನಿನ್ನ ಚೀಲ ಚರಂಡಿಯಿಂದ ತೆಗೆದು ತೊಳೆದವಳು ನಾನು." ಅವಳ ಧ್ವನಿ ಏರಲಿಲ್ಲ. "ನನ್ನ ಧ್ವನಿ ಹಿಡಿಸ್ಲಿಲ್ಲ, ಸರಿ. ಹಾಗೇ ಹೇಳು, ತಿದ್ಕೋತೀನಿ. ಆದ್ರೆ ಮನೆಗೆ ಹೋಗಿ ಪಾತ್ರೆ ತೊಳಿ ಅಂದ್ಯಲ್ಲ, ಅದು ಧ್ವನಿ ಬಗ್ಗೆ ಆಡಿದ ಮಾತಾ?"

"ಅದು ನೀವು ಅಂತ ನನಗೆ ಗೊತ್ತಿರ್ಲಿಲ್ಲ. ಯಾರೋ ಅಂದ್ಕೊಂಡಿದ್ದೆ."

"ಯಾರೋ ಆಗಿದ್ರೆ ಪರವಾಗಿಲ್ವಾ?"

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಆ ಭಾನುವಾರ ನಿನ್ನ ತಟ್ಟೆ ತೊಳೆದವಳೂ ನಾನೇ ಕಣೋ" ಎಂದು ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು.

ಅವನು ಅವತ್ತೇ ವಿಡಿಯೊ ಅಳಿಸಿದ. ಆದರೆ ಅದು ಅವನ ಕೈಯಲ್ಲಿ ಉಳಿದಿರಲಿಲ್ಲ. ಅಳಿಸಿದಷ್ಟೂ ಬೇರೆಯವರ ಪುಟಗಳಲ್ಲಿ ಕಾಣಿಸಿಕೊಂಡಿತು. ಅತ್ತಿಗೆಯ ಮುಂದೆ ನಿಂತು ತಪ್ಪಾಯಿತೆನ್ನುವ ಧೈರ್ಯ ಅವನಿಗೆ ಬರಲಿಲ್ಲ. ಊಟಕ್ಕೆ ತಡವಾಗಿ ಬಂದು, ಉಂಡ ತಟ್ಟೆ ತಾನೇ ತೊಳೆದಿಟ್ಟು ಕೋಣೆ ಸೇರುತ್ತಿದ್ದ. ಅವಳು ಅದನ್ನು ನೋಡಿಯೂ ನೋಡದಂತಿದ್ದಳು.

ಹೊಸ ಹುಡುಗಿಯ ಕಂತು ಬಂತು. ಚೆನ್ನಾಗಿದೆ ಎಂದು ಅವನು ಗುಂಪಿನಲ್ಲಿ ಬರೆದ. ಕೆಳಗೇ ಒಬ್ಬ ಉತ್ತರಿಸಿದ: 'ಇದಕ್ಕಿಂತ ಗೇಟೇ ವಾಸಿ.' ಮತ್ತೊಬ್ಬ ಅವಳ ಫೋಟೊ ಹುಡುಕಿ ತಂದ. ಮೂರನೆಯವನು ಫೋಟೊದಲ್ಲಿ ಅವಳ ಹಲ್ಲನ್ನು ದೊಡ್ಡದು ಮಾಡಿದ. ಸಂಜೆಯ ಹೊತ್ತಿಗೆ ಯಾರೋ ಅವಳ ತಂದೆಯ ಔಷಧಿ ಅಂಗಡಿಯ ನಂಬರ್ ಹಾಕಿದರು. ಫೋನ್ ಮಾಡಿ ಎಣ್ಣೆ ಇದೆಯಾ ಎಂದು ಕೇಳುವುದು ಒಂದು ಆಟವಾಯಿತು.

'ಇದು ಅತಿಯಾಯ್ತು. ಆ ಹುಡುಗಿ ನಮ್ಮವಳು, ಬಿಟ್ಟುಬಿಡಿ' ಎಂದು ಅವನು ಬರೆದ.

ಅವನ ಹಳೆಯ ವಿಡಿಯೊವನ್ನೇ ಯಾರೋ ಅದರ ಕೆಳಗೆ ಅಂಟಿಸಿ ಕೇಳಿದರು: 'ನೀನೇ ಕಲಿಸಿದ್ದು ಹಳಬ. ಈಗೇನು, ಗೇಟಿಗೆ ವಾಚ್‌ಮನ್ ಕೆಲಸ ಸಿಕ್ತಾ?' ಅಂದಿನಿಂದ ಅವನ ಹೆಸರೇ ವಾಚ್‌ಮನ್ ಆಯಿತು. ಕನ್ನಡಕದ ಅಂಗಡಿಯ ಪುಟಕ್ಕೂ ಬಂದು ಅದನ್ನೇ ಬರೆದರು. ಜೆರಾಕ್ಸ್ ಅಂಗಡಿಯ ಕೋಣೆಯಲ್ಲಿ ಪಕ್ಕ ಕೂತು ನೋಡಿದ್ದ ಗೆಳೆಯನೂ ಅದಕ್ಕೆ ನಗುವ ಗುರುತು ಒತ್ತಿದ್ದ.

ಕನ್ನಡಕದ ಅಂಗಡಿಗೆ ರಜೆಯಿದ್ದ ದಿನ ಧ್ವನಿಗ್ರಾಹಕ ಅತ್ತಿಗೆಗೆ ಫೋನ್ ಮಾಡಿದ. "ಕೇಳೋಕೆ ನನಗೆ ಮುಖ ಇಲ್ಲಮ್ಮ. ಆ ಹುಡುಗಿ ರೆಕಾರ್ಡಿಂಗ್ ಬೂತಿನೊಳಗೆ ಕೂತಿದಾಳೆ, ಬಾಯಿ ತೆಗೆದರೆ ಸ್ವರವೇ ಬರ್ತಿಲ್ಲ. ಬೆಳಗ್ಗೆಯಿಂದ ಹೀಗೇ. ನೀವೊಮ್ಮೆ ಬಂದು ಪಕ್ಕ ನಿಲ್ತೀರಾ?"

ವಿಷಯ ಕೇಳಿದ ಅತ್ತೆ ಮುಖ ಸಿಂಡರಿಸಿದರು. "ನಿನ್ನ ಜಾಗ ಕಿತ್ಕೊಂಡವಳು. ಅಳ್ಲಿ ಬಿಡು."

ಒಂದು ಕ್ಷಣ ಅತ್ತಿಗೆಗೂ ಆ ಮಾತು ಹಿತವೆನಿಸಿತು. ಆ ಹುಡುಗಿ ಅಳುವುದನ್ನು ಅವಳು ಕಣ್ಣ ಮುಂದೆ ತಂದುಕೊಂಡಳು ಕೂಡ. ಆಮೇಲೆ ಎದ್ದು ಸೀರೆ ಬದಲಿಸಿದಳು. ಹೊರಗೆ ಮೈದುನ ಸ್ಕೂಟರ್ ತೆಗೆದು ನಿಂತಿದ್ದ. "ಬಿಟ್ಟು ಬರ್ತೀನಿ" ಎಂದ. ಅವಳು ಹಿಂದೆ ಕೂತಳು.

ಸ್ಟುಡಿಯೊ ಎರಡನೆಯ ಮಹಡಿಯಲ್ಲಿತ್ತು. ಹುಡುಗಿ ಬೂತಿನ ಮೂಲೆಯಲ್ಲಿ ಮೊಣಕಾಲು ಮಡಿಸಿ ಕೂತಿದ್ದಳು. ಇನ್ನೂ ಕಾಲೇಜಿನ ಚೀಲ ಬಿಡದ ವಯಸ್ಸು. ಅತ್ತಿಗೆಯ ಹಿಂದೆಯೇ ಬಾಗಿಲವರೆಗೆ ಬಂದ ಮೈದುನ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಆಡಿದ: "ನಮಸ್ಕಾರ. ನೀವು ತುಂಬ ಚೆನ್ನಾಗಿ—"

ಹುಡುಗಿ ಗೋಡೆಗೆ ಒತ್ತಿಕೊಂಡಳು. ಅವನ ಮುಖ ಅವಳು ನೋಡಿರಲಿಲ್ಲ. ಧ್ವನಿ ಸಾಕಾಗಿತ್ತು.

"ಇವರು ಹಳಬ" ಎಂದಳು ಅತ್ತಿಗೆಗೆ, ಪಿಸುದನಿಯಲ್ಲಿ. "ಇವರು ಹೊರಗೆ ಹೋಗ್ಲಿ. ದಯವಿಟ್ಟು."

ಅತ್ತಿಗೆ ತಿರುಗಿ ಅವನನ್ನು ನೋಡಿದಳು. ಅವನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಅವನು ಹೊರಗೆ ನಡೆದ. ದಪ್ಪ ಬಾಗಿಲು ಮುಚ್ಚಿಕೊಂಡಿತು.

ಮೆಟ್ಟಿಲ ಮೇಲೆ ಕೂತವನಿಗೆ ಒಳಗಿನದೇನೂ ಕೇಳಿಸಲಿಲ್ಲ. ಜೇಬಿನಲ್ಲಿ ಮೊಬೈಲು ನಡುಗುತ್ತಲೇ ಇತ್ತು, ಅವನು ತೆಗೆದು ನೋಡಲಿಲ್ಲ. ಕಿಟಕಿಯ ಬಿಸಿಲು ಮೆಟ್ಟಿಲಿಳಿದು ಕೆಳಗಿನ ಗೋಡೆಗೆ ಹೋಯಿತು. ಒಳಗೆ ಹುಡುಗಿಗೆ ಮಾತು ಹೊರಟಿತೋ ಇಲ್ಲವೋ, ಅತ್ತಿಗೆಯೇನು ಹೇಳಿದಳೋ, ಅವನಿಗೆ ತಿಳಿಯುವಂತಿರಲಿಲ್ಲ.

ಬಾಗಿಲು ತೆರೆದಾಗ ಮೊದಲು ಬಂದವಳು ಹುಡುಗಿ. ಅವನನ್ನು ಕಂಡು ಮೇಲಿನ ಮೆಟ್ಟಿಲಲ್ಲೇ ನಿಂತಳು. ಏನಾದರೂ ಅನ್ನುತ್ತಾನೆಂದು ಭುಜ ಕುಗ್ಗಿಸಿ ಕಾದಳು. ಅವನು ಎದ್ದು, ಕೆಳಗಿನ ಮಹಡಿಯ ಮೂಲೆಗೆ ಸರಿದು, ಅವಳಿಗೆ ಬೆನ್ನು ಮಾಡಿ ನಿಂತ. ಕೆಮ್ಮು ಬಂದಿತ್ತು, ಅದನ್ನೂ ನುಂಗಿಕೊಂಡ. ಚಪ್ಪಲಿಯ ಸದ್ದು ಅವನ ಹಿಂದೆ ಹಾದು ಕೆಳಗಿಳಿದು ಬೀದಿ ಸೇರುವವರೆಗೂ ಅವನು ತಿರುಗಲಿಲ್ಲ.

ಅತ್ತಿಗೆ ನಿಧಾನವಾಗಿ ಇಳಿದು ಬಂದಳು. "ಹೇಗೆ ಮಾಡಿದ್ಲು ಅಂತ ಕೇಳಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಕೈಯಲ್ಲಿದ್ದ ಚೀಲ ತೆಗೆದುಕೊಳ್ಳಲು ಕೈ ಚಾಚಿದ. ಅವಳು ತುಸು ಹೊತ್ತು ಆ ಕೈಯನ್ನೇ ನೋಡಿದಳು. ಚೀಲ ಕೊಡಲಿಲ್ಲ, ಆದರೆ ಅವನ ಪಕ್ಕದಲ್ಲೇ ಮೆಟ್ಟಿಲಿಳಿದಳು.