ಗುವಾಹಟಿಯ ಗೇಟು

ನಾನು ಒಂದು ಗಾಲಿಕುರ್ಚಿ. ಕಾರ್ಖಾನೆಯಲ್ಲಿ ಕೊಳವೆ ಬಗ್ಗಿಸಿ, ಕಪ್ಪು ರೆಕ್ಸಿನ್ ಹೊದಿಸಿ, ನನ್ನನ್ನು ಲಾರಿಗೆ ಹೇರಿದರು. ಮೊದಲು ಒಂದು ನರ್ಸಿಂಗ್ ಹೋಮಿನಲ್ಲಿದ್ದೆ. ಅಲ್ಲಿ ನನ್ನ ಮೇಲೆ ಕೂತವರಿಗೆ ನಿಜಕ್ಕೂ ನಡೆಯಲು ಆಗುತ್ತಿರಲಿಲ್ಲ. ಅದು ಮುಚ್ಚಿದ ಮೇಲೆ ದೊಡ್ಡದೊಂದು ವಿಮಾನ ನಿಲ್ದಾಣದ ಪಾಲಾದೆ. ಇಲ್ಲಿ ಗಟ್ಟಿಮುಟ್ಟಾದ ಕಾಲಿನವರೂ ಕೂರುತ್ತಾರೆ. ಓದಲು ಬಾರದ ಹಿರಿಯರು ದಾರಿ ತಪ್ಪದಿರಲೆಂದು ಮನೆಯವರು ‘ನಡೆಯಲಾರರು’ ಎಂದು ಬರೆಸಿ ಟಿಕೇಟು ಮಾಡಿಸುತ್ತಾರೆ. ತಳ್ಳುವವನು ವಿಮಾನದ ಬಾಗಿಲತನಕ ಮುಟ್ಟಿಸುತ್ತಾನೆ. ಯಾರಿಗೂ ತೊಂದರೆಯಿಲ್ಲದ ಸುಳ್ಳು ಎಂದುಕೊಂಡಿದ್ದೆ.

ನೀಲವ್ವ ಹಾಗೆ ಬಂದವಳು. ಹುಬ್ಬಳ್ಳಿಯಿಂದ ಬಂದು, ಇಲ್ಲಿ ವಿಮಾನ ಬದಲಿಸಿ ಗುವಾಹಟಿಗೆ ಹೋಗಬೇಕಿತ್ತು. ಮಿಲಿಟರಿಯವನನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದ ತಂಗಿ ತೀರಿಕೊಂಡಿದ್ದಳು. ರೈಲಾದರೆ ಮೂರು ದಿನ, ವಿಮಾನವಾದರೆ ಸಂಜೆಯೊಳಗೆ ಮುಖ ನೋಡಬಹುದು ಎಂದು ತಂಗಿಯ ಮಗ ಈರಣ್ಣ ಟಿಕೇಟು ಕಳಿಸಿದ್ದ. ಅಲ್ಲಿಯವರೆಗೆ ಮಣ್ಣು ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದ.

ತಳ್ಳುವ ಪುಟ್ಟಮಾದ ನನ್ನನ್ನು ಗೇಟಿನ ಎದುರು ನಿಲ್ಲಿಸಿದ. “ಅಜ್ಜಿ, ಇಲ್ಲೇ ಕೂತಿರಿ, ಏಳ್ಬೇಡಿ. ನಾನೇ ಬಂದು ಕರ್ಕೊಂಡೋಯ್ತೀನಿ” ಅಂದ. ಅಷ್ಟರಲ್ಲಿ ಅವನನ್ನು ಬೇರೆ ವಿಮಾನಕ್ಕೆ ಕರೆದರು. ಒಂದರ ಮೇಲೊಂದು ಕೆಲಸ ಬಿತ್ತು, ಮರೆತುಬಿಟ್ಟ.

ಎದುರಿಗೆ ಜನ ಸಾಲುಗಟ್ಟಿದರು. ಈ ನಿಲ್ದಾಣದಲ್ಲಿ ಕೂಗಿ ಕರೆಯುವ ಪದ್ಧತಿಯಿಲ್ಲ, ಬೋರ್ಡು ಓದಿಕೊಳ್ಳಬೇಕು. ಸಾಲಿನಲ್ಲಿದ್ದ ಹೆಂಗಸೊಬ್ಬಳು, “ನೀವು ಬರಲ್ವಾಮ್ಮ?” ಎಂದು ಕೇಳಿದಳು.

ನೀಲವ್ವ ದನಿ ತಗ್ಗಿಸಿದಳು. “ಕಾಲು ಗಟ್ಟಿ ಅದಾವ್ರೀ. ಆದ್ರ ನನ್ನ ತಂಗಿ ಮಗ ಟಿಕೇಟಿನ್ಯಾಗ ನಡಿಯಾಕ ಬರಂಗಿಲ್ಲ ಅಂತ ಬರಸ್ಯಾನ. ನಾ ಎದ್ದು ನಡದ್ರ ಹುಡುಗ ಸುಳ್ಳ ಹೇಳ್ಯಾನಂತ ಹಿಡೀತಾರ.”

“ಹಾಗಾದ್ರೆ ತಳ್ಳೋನು ಬರ್ತಾನೆ ಬಿಡಿ” ಎಂದು ಆಕೆ ನಕ್ಕು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಅದು ನೀಲವ್ವನ ವಿಮಾನವೇ ಎಂದು ನನಗೆ ಗೊತ್ತಿತ್ತು. ನನಗೆ ಬಾಯಿಲ್ಲ.

ಮಧ್ಯಾಹ್ನ ಈರಣ್ಣನ ಫೋನು ಬಂತು. “ದೊಡ್ಡವ್ವಾ, ವಿಮಾನ ಇಳೀತೇನು?”

“ಇನ್ನಾ ಹತ್ತಿಲ್ಲಪ್ಪ. ಕುರ್ಚ್ಯಾಗ ಕುಂತೀನಿ. ಅಂವಾ ಬರ್ತೀನಂದಾನ.”

ಅತ್ತ ಕಡೆ ಅವನು ಮುಂದಿನ ವಿಮಾನ ಯಾವಾಗ ಎಂದು ಯಾರನ್ನೋ ವಿಚಾರಿಸಿದ. ಆಮೇಲೆ ಹೇಳಿದ: “ಮುಂದಿಂದು ನಾಳಿಗೈತಿ, ದೊಡ್ಡವ್ವಾ. ಅಲ್ಲೀತನಾ ಅವ್ವನ್ನ ಇಡಾಕ ಆಗೂದಿಲ್ಲ.”

ಅವಳು ಅಳಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಎರಡೂ ಕಾಲು ನೆಲಕ್ಕಿಟ್ಟು ಎದ್ದಳು. ನೆಟ್ಟಗೆ ನಡೆದು ಹೋಗಿ ಮುಚ್ಚಿದ ಗೇಟಿನ ಗಾಜಿನ ಮೇಲೆ ಅಂಗೈ ಇಟ್ಟು ನಿಂತಳು. ಹೊರಗೆ ವಿಮಾನವಿರಲಿಲ್ಲ.

ಆಗ ಪುಟ್ಟಮಾದ ಓಡಿ ಬಂದ. “ಅಯ್ಯೋ ಅಜ್ಜಿ, ಕೂತ್ಕಳಿ, ಕೂತ್ಕಳಿ!”

“ಬ್ಯಾಡಪ್ಪ” ಅಂದಳು ನೀಲವ್ವ, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ. “ನನಗ ನಡಿಯಾಕ ಬರತೈತಿ.”

ಈಗ ನನ್ನ ಒಂದು ಗಾಲಿ ತಿರುಗುವುದಿಲ್ಲ. ಗೋದಾಮಿನಲ್ಲಿ ಮುರಿದ ಟ್ರಾಲಿಗಳ ನಡುವೆ ಮಡಚಿಟ್ಟಿದ್ದಾರೆ. ಗುವಾಹಟಿ ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು, ಮೂರು ಗಂಟೆಯ ಹಾರಾಟ ಅನ್ನುತ್ತಾರೆ. ಇರಬಹುದು. ನಾನು ಕಂಡದ್ದು ಗೇಟಿನವರೆಗಿನ ದಾರಿ ಮಾತ್ರ. ನೀಲವ್ವ ಅದನ್ನು ಒಂದೇ ಉಸಿರಿಗೆ ನಡೆದುಬಿಟ್ಟಳು.